ಪಾಯಿಂಟಿನ ಕೋಣೆ

ಮದುವೆಯಾದ ಹೊಸದರಲ್ಲಿ ನಮ್ಮ ಕೋಣೆಯ ಮಂಚದ ಮೇಲೆ ನನ್ನ ಗಂಡನಿಗಿಂತ ನೆಮ್ಮದಿಯಾಗಿ ಮಲಗಿದವರು ಗುರುಲಿಂಗಪ್ಪ ಮಾಮಾ. ತಮಾಷೆಗೆ ಹೇಳುತ್ತಿಲ್ಲ. ಆಗ ನನಗೆ ಅಳು ಬರುತ್ತಿತ್ತು, ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ಮಾಮಾ ಎಂದರೆ ನನ್ನ ಅತ್ತೆ ಈರಮ್ಮನವರ ಅಣ್ಣ. ನಾಶಿಕದ ಹತ್ತಿರ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನನ್ನ ಅಪ್ಪನೂ ಅದೇ ಕಾರ್ಖಾನೆಯವರು, ಅವರಂತೆಯೇ ಕಲಬುರಗಿ ಕಡೆಯಿಂದ ಬಂದವರು. ನಾನು ಹುಟ್ಟಿ ಬೆಳೆದದ್ದು ಅಲ್ಲಿನ ಕ್ವಾರ್ಟರ್ಸಿನಲ್ಲಿ. "ನಮ್ಮ ತಂಗಿ ಮಗ ಸಂಭಾಜಿನಗರದಾಗ ಇದ್ದಾನ, ಶೇಂದ್ರಾದ ಫ್ಯಾಕ್ಟರ್ಯಾಗ ನೌಕರಿ, ಬಂಗಾರದಂಥ ಹುಡುಗ" ಎಂದು ಅಪ್ಪನ ತಲೆ ತಿಂದು ಈ ಸಂಬಂಧ ಕುದುರಿಸಿದವರು ಮಾಮಾ. ಆ ಬಂಗಾರವನ್ನು ಒರೆಗೆ ಹಚ್ಚಿ ನೋಡಲು ನನಗೆ ಪುರುಸೊತ್ತು ಸಿಗದ ಹಾಗೆ ಮಾಡಿದವರೂ ಅವರೇ.

ಸಂಭಾಜಿನಗರದ ಸಿಡ್ಕೋ ಬಡಾವಣೆಯಲ್ಲಿ ನಮ್ಮ ಮನೆ ಚಿಕ್ಕದು. ಮಾವ ತೀರಿಕೊಂಡಿದ್ದರು, ಇದ್ದವರು ನಾವು ಮೂವರು. ಬಾಗಿಲು ತೆಗೆದರೆ ಹೊರಕೋಣೆ, ಅತ್ತೆ ಮಲಗುವುದು ಅಲ್ಲಿ. ಅದರ ಹಿಂದೆ ಅಡುಗೆಮನೆ, ಪಕ್ಕದಲ್ಲಿ ಮಂಚವಿರುವ ಒಂದು ಒಳಕೋಣೆ. ಮದುವೆಯಾದ ಮೇಲೆ ಆ ಒಳಕೋಣೆಯನ್ನು ನಮಗೆ ಬಿಟ್ಟುಕೊಟ್ಟಿದ್ದರು. ನನ್ನ ಗಂಡ ಅವಿನಾಶನಿಗೆ ಒಂದು ವಾರ ರಾತ್ರಿ ಪಾಳಿ, ಒಂದು ವಾರ ಹಗಲು ಪಾಳಿ. ಹಗಲು ಪಾಳಿಯ ವಾರ ಬಂತೆಂದು ನಾನು ಉಸಿರು ಬಿಡುವಷ್ಟರಲ್ಲಿ ಮಾಮಾ ಬಂದು ಇಳಿಯುತ್ತಿದ್ದರು.

ಅವರು ಬಂದರೆ ಮಂಚ ಅವರದು. ಇದರಲ್ಲಿ ಚರ್ಚೆ ಇಲ್ಲ. ತವರಿನಿಂದ ಬಂದ ಅಣ್ಣನನ್ನು ಹೊರಕೋಣೆಯ ನೆಲದ ಮೇಲೆ ಮಲಗಿಸುವುದೆಂದರೆ ಅತ್ತೆಗೆ ಪ್ರಾಣ ಹೋದ ಹಾಗೆ. ಅವಿನಾಶ ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತುತ್ತಿದ್ದ. ನಾನು ಹೊರಕೋಣೆಯಲ್ಲಿ ಅತ್ತೆಯ ಪಕ್ಕ. ಒಳಗಿನಿಂದ ಮಾಮಾನ ಗೊರಕೆ. ಮೊದಮೊದಲು ತಿಂಗಳಿಗೊಮ್ಮೆ ಬರುತ್ತಿದ್ದವರು ಬೇಸಿಗೆ ಮುಗಿಯುವ ಹೊತ್ತಿಗೆ ವಾರಕ್ಕೆ ಎರಡು ಸಲ ಬರತೊಡಗಿದರು. ಶೇಂದ್ರಾದಲ್ಲಿ ಯಾವುದೋ ಫ್ಯಾಕ್ಟರಿಯವರು ಸಲಹೆ ಕೇಳುತ್ತಾರೆ ಎನ್ನುತ್ತಿದ್ದರು. ಇಷ್ಟು ಸಲಹೆ ಬೇಕಾದ ಫ್ಯಾಕ್ಟರಿ ಬಾಗಿಲು ಹಾಕುವುದೇ ಒಳ್ಳೆಯದು ಎಂದು ನನಗೆ ಅನ್ನಿಸುತ್ತಿತ್ತು.

ಅತ್ತೆಗೋ ಹಿಗ್ಗೇ ಹಿಗ್ಗು. ರೊಟ್ಟಿ ಬಡಿಯುತ್ತಾ ಪಕ್ಕದ ಮನೆಯವರಿಗೆ ಕೇಳುವ ಹಾಗೆ ಹೇಳುತ್ತಿದ್ದರು: "ಮಂದಿ ಅಣ್ಣತಮ್ಮಂದಿರು ಬಂದ್ರ ಲಾಡ್ಜ್ ಹುಡುಕ್ತಾರ. ನಮ್ಮಣ್ಣ ಹಂಗಲ್ಲ. ಊರಾಗ ತಂಗಿ ಮನಿ ಇಟ್ಕೊಂಡು ಲಾಡ್ಜಿನ್ಯಾಗ ಮಲಗಿದ್ರ, ಆ ತಂಗಿ ಸತ್ತಂಗ!"

ಮಾಮಾನಿಗೆ ಇನ್ನೊಂದು ಹುಚ್ಚಿತ್ತು, ಕ್ರೆಡಿಟ್ ಕಾರ್ಡಿನದು. ದೊಡ್ಡ ಹೋಟೆಲ್ ಬಳಗವೊಂದರ ಹೆಸರಿನ ಕಾರ್ಡು ಅದು, ಖರ್ಚು ಮಾಡಿದಷ್ಟೂ ಪಾಯಿಂಟ್ ಜಮಾ ಆಗುತ್ತದೆ. ಅವರ ಮನೆಯ ಕರೆಂಟ್ ಬಿಲ್ಲು, ನಮ್ಮ ಮನೆಯ ಗ್ಯಾಸು, ನನ್ನ ಅಪ್ಪನ ಸ್ಕೂಟರಿನ ವಿಮೆ, ಎಲ್ಲವನ್ನೂ "ನಾ ಕಟ್ತೀನಿ, ನೀವು ನನಗ ರೊಕ್ಕ ಕೊಡ್ರಿ" ಎಂದು ಆ ಕಾರ್ಡಿನಿಂದಲೇ ಕಟ್ಟುತ್ತಿದ್ದರು. ಊಟಕ್ಕೆ ಕೂತರೆ ಪಾಠ ಶುರು. "ಪಾಯಿಂಟ್ ಕೊಟ್ಟು ಮಿಕ್ಸರ್ ತಗೊಳ್ಳಾವ ಹುಚ್ಚ. ಶಾಪಿಂಗ್ ವೋಚರ್ ತಗೊಳ್ಳಾವ ಅರ್ಧ ಹುಚ್ಚ. ಸೀಸನ್‌ನ್ಯಾಗ ಯಾವ ಹೋಟೆಲಿನ ಬಾಗಲಾ ಕಾಯೋಕೂ ನಮ್ಮಂಥವ್ರಿಗೆ ಆಗಂಗಿಲ್ಲೋ, ಆ ಹೋಟೆಲಿನ್ಯಾಗ ಪುಕ್ಕಟ ಮಲಗಬೇಕು. ಅಲ್ಲಿ ಅದ ಪಾಯಿಂಟಿಗೆ ಖರೇ ಕಿಮ್ಮತ್ತು. ಮತ್ತ ಕೂಡಿಟ್ಕೊಂಡು ಕೂಡಬಾರದು, ಅವ್ರು ಯಾವಾಗ ರೇಟ್ ಏರಿಸ್ತಾರೋ ದೇವ್ರಿಗೇ ಗೊತ್ತು." ಅವಿನಾಶ ಹೂಂಗುಟ್ಟುತ್ತಾ ಸಾರು ಸುರಿದುಕೊಳ್ಳುತ್ತಿದ್ದ. ನಾನು ಮನಸ್ಸಿನಲ್ಲೇ, ಪುಕ್ಕಟೆ ಮಲಗುವುದನ್ನು ನಿಮಗೆ ಯಾರು ಕಲಿಸಬೇಕು ಮಾಮಾ, ಎಂದುಕೊಳ್ಳುತ್ತಿದ್ದೆ.

ಜೂನ್ ತಿಂಗಳ ಒಂದು ಬೆಳಿಗ್ಗೆ ಮಾಮಾ ಮೊಬೈಲ್ ಹಿಡಿದುಕೊಂಡು ಅಡುಗೆಮನೆಗೆ ಬಂದರು. "ಹಂಸಾ, ಇದ್ರಾಗ ಹಿಂದಿನ ಸಲದ್ದು ಪಾಯಿಂಟ್ ಜಮಾ ಆಗಿಲ್ಲ ನೋಡು. ನನ್ನ ಕಣ್ಣಿಗೆ ಆ ಅಕ್ಷರ ಕಾಣಂಗಿಲ್ಲ."

ನಾನು ಆ್ಯಪ್ ತೆಗೆದು ನೋಡಿದೆ. ನೋಡಿದವಳು ಹಾಗೇ ನಿಂತೆ. ಅವರು ತಂಗಿದ್ದಾರೆ ಎಂದು ಒಂದು ಹೋಟೆಲಿನ ಹೆಸರು ಅಲ್ಲಿತ್ತು. ಜಾಲ್ನಾ ರಸ್ತೆಯದು, ನಮ್ಮ ಮನೆಯಿಂದ ಆಟೋದಲ್ಲಿ ಹೋದರೆ ಒಂದು ಹಾಡು ಮುಗಿಯುವಷ್ಟು ದೂರ. ತಾರೀಖು ಅವರು ನಮ್ಮ ಮಂಚದ ಮೇಲೆ ಗೊರಕೆ ಹೊಡೆದ ದಿನದ್ದು. ಅದರ ಕೆಳಗೆ ಅದಕ್ಕೂ ಹಿಂದಿನದು. ಅದರ ಕೆಳಗೆ ಇನ್ನೊಂದು. ಅವರು ನಮ್ಮ ಮನೆಗೆ ಬಂದ ಪ್ರತಿ ಸಲವೂ ಅದೇ ಹೋಟೆಲಿನಲ್ಲಿ ಒಂದು ಕೋಣೆ ಹಿಡಿದಿದ್ದರು.

"ಮಾಮಾ, ಇದೇನ್ರಿ?" ಮೊಬೈಲ್ ಅವರ ಮುಖಕ್ಕೆ ಹಿಡಿದೆ.

ಅವರು ಬಾಗಿಲ ಕಡೆ ನೋಡಿ ದನಿ ಇಳಿಸಿದರು. "ಏ, ನಿಮ್ಮತ್ತಿ ಮುಂದ ಹೇಳಬ್ಯಾಡವಾ. ಈ ತಿಂಗಳ ಕೊನೀ ತನ ಸ್ಕೀಮ್ ಅದ. ಬ್ಯಾರೆ ಬ್ಯಾರೆ ದಿನ ಬಂದು ಉಳಿದ್ರ ಪ್ರತಿ ಸಲ ಬೋನಸ್ ಪಾಯಿಂಟು. ಅದಕ್ಕಂತ ಚೆಕ್-ಇನ್ ಮಾಡ್ತೀನಿ, ಮಲಗಿದಂಗ ಕಾಣ್ಲಂತ ಹಾಸಿಗಿ ಒಂದೀಟು ಸುಕ್ಕು ಮಾಡ್ತೀನಿ, ಇಲ್ಲಿಗೆ ಬರ್ತೀನಿ."

"ಅಲ್ಲೇ ಮಲಗಬಹುದಿತ್ತಲ್ರಿ ಮತ್ತ?"

"ತಂಗಿ ಮನಿ ಇಟ್ಕೊಂಡು? ಛೇ!" ನಾನು ಅವರಿಗೆ ಬಾರದ ಕೆಲಸ ಹೇಳಿದೆನೇನೋ ಎಂಬಂತೆ ನೋಡಿದರು.

ನಾನು ಒಲೆ ಆರಿಸಿ ಅಲ್ಲೇ ಕೂತುಬಿಟ್ಟೆ. ಅಷ್ಟೂ ರಾತ್ರಿಗಳಲ್ಲಿ ಅಲ್ಲೊಂದು ದೊಡ್ಡ ಮಂಚ ಖಾಲಿ ಬಿದ್ದಿತ್ತು. ಎಸಿ ಇರುವ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆಯಲ್ಲಿ ಯಾರೂ ಇರಲಿಲ್ಲ. ಇಲ್ಲಿ ನನ್ನ ಗಂಡ ಮಾಳಿಗೆಯ ಮೇಲೆ ಸೊಳ್ಳೆ ಹೊಡೆಯುತ್ತಿದ್ದ, ನಾನು ಅತ್ತೆಯ ಪಕ್ಕ ಸೂರು ನೋಡುತ್ತಿದ್ದೆ. ಇದನ್ನು ಯಾರಿಗೆ ಹೇಳುವುದು? ಹೇಗೆ ಹೇಳುವುದು? ನೀವು ಇಲ್ಲಿ ಮಲಗುವುದರಿಂದ ನನಗೆ ನನ್ನ ಗಂಡ ಸಿಗುತ್ತಿಲ್ಲ ಎಂದು ಗಂಡನ ಸೋದರಮಾವನಿಗೆ ಹೇಳುವ ಸೊಸೆ ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ಅವಿನಾಶನಿಗೆ ಹೇಳಿದೆ. ಅವನು ಮೊದಲು ನಂಬಲಿಲ್ಲ, ಆಮೇಲೆ ನಕ್ಕ. "ಅವ್ವಗ ಗೊತ್ತಾದ್ರ ಎದಿ ಒಡ್ಕೋತಾಳ. ಬಿಡು ಹಂಸಾ, ಇದೊಂದು ತಿಂಗಳು ತಾನ?" ಎಂದ.

ಇದೊಂದು ತಿಂಗಳು! ಅಮಾವಾಸ್ಯೆ ಕಳೆದರೆ ಆಷಾಢ. ಹೊಸ ಸೊಸೆ ಆಷಾಢದಲ್ಲಿ ತವರಿಗೆ ಹೋಗಿ ಇಡೀ ತಿಂಗಳು ಅಲ್ಲೇ ಇರಬೇಕು. ನನ್ನನ್ನು ಓಝರ್‌ಗೆ ಕರೆದುಕೊಂಡು ಹೋಗುವವರೂ ಮಾಮಾನೇ ಎಂದು ಆಗಲೇ ನಿಕ್ಕಿಯಾಗಿತ್ತು. ನಮಗಿಬ್ಬರಿಗೆ ಇನ್ನೂ ಒಬ್ಬರ ಪರಿಚಯ ಒಬ್ಬರಿಗೆ ಸರಿಯಾಗಿ ಆಗಿರಲಿಲ್ಲ. ಅವನಿಗೆ ಏನು ಇಷ್ಟ, ಯಾವುದಕ್ಕೆ ಹೆದರುತ್ತಾನೆ, ಒಂದೂ ಗೊತ್ತಿಲ್ಲ. ಹಗಲೆಲ್ಲ ಅತ್ತೆಯ ಎದುರು "ಚಾ ಬೇಕೇನ್ರಿ", "ಹೂಂ". ಇಷ್ಟೇ ಸಂಸಾರ. ಇಂಥ ಸಂಸಾರ ಮಾಡುವುದಕ್ಕಿಂತ ಅಪ್ಪನ ಮನೆಯಲ್ಲಿದ್ದು ಯಾವುದಾದರೂ ಶಾಲೆಯಲ್ಲಿ ಪಾಠ ಹೇಳುವುದು ಮೇಲು ಎಂದು ನನಗೆ ನಿಜವಾಗಿಯೂ ಅನ್ನಿಸತೊಡಗಿತ್ತು.

ಅದನ್ನೇ ಅವನಿಗೆ ಹೇಳಿಬಿಟ್ಟೆ. "ಆಷಾಢ ಮುಗದ ಮ್ಯಾಲೆ ನಾ ವಾಪಸ್ ಬರ್ತೀನಿ ಅಂತ ನನಗ ಅನಸಂಗಿಲ್ರಿ. ಬಂದು ಏನ್ ಮಾಡ್ಲಿ?"

ಅವಿನಾಶನ ಮುಖ ಬಿಳಿಚಿಕೊಂಡಿತು. ಆಮೇಲೆ ಕೇಳಿದ, "ಆ ರೂಮಿನ ಚಾವಿ ಮಾಮಾ ಕೊಡ್ತಾರೇನು?"

ನಾನು ಹೊರಡುವ ಹಿಂದಿನ ದಿನ ಮಾಮಾ ಬಂದರು. ಸ್ಕೀಮಿನ ಕೊನೆಯ ಸರದಿ ಅದು. ಅತ್ತೆ ಹಿತ್ತಲಲ್ಲಿ ಬಟ್ಟೆ ತೆಗೆಯುವಾಗ ನಾನು ಸೀದಾ ಹೋಗಿ ಕೇಳಿದೆ. "ಮಾಮಾ, ರೂಮಿನ ಚಾವಿ ಕೊಡ್ರಿ. ನಾನೂ ಇವ್ರೂ ಒಂದೀಟು ಹೋಗಿ ಬರ್ತೀವಿ."

ಅವರಿಗೆ ಏನೂ ಹೊಳೆಯಲಿಲ್ಲ. ದೇವರಾಣೆಗೂ ಹೊಳೆಯಲಿಲ್ಲ. "ನೋಡ್ಕೊಂಡು ಬರ್ರಿ, ನೋಡ್ಕೊಂಡು ಬರ್ರಿ. ಛಲೋ ಅದ. ಎಸಿ ಹಚ್ಚಿ ಕೂಡ್ರಿ. ಆದ್ರ ಆ ಸಣ್ಣ ಫ್ರಿಜ್‌ನ್ಯಾಗಿಂದು ಏನೂ ಮುಟ್ಟಬ್ಯಾಡ್ರಿ, ಬಿಲ್ ಬೀಳ್ತದ" ಎಂದು ಕಾರ್ಡಿನಂಥ ಚಾವಿ ಕೈಗಿಟ್ಟರು. ಅತ್ತೆಗೆ ಗುಲ್ಮಂಡಿ ಪೇಟೆಯಲ್ಲಿ ಬಳೆ ತೆಗೆದುಕೊಂಡು ಬರುತ್ತೇವೆ ಎಂದು ಹೇಳಿ ಹೊರಟೆವು. ಆಟೋದಲ್ಲಿ ಅವಿನಾಶ ನನ್ನ ಕೈ ಹಿಡಿದುಕೊಂಡ.

ಹೋಟೆಲಿನ ಲಿಫ್ಟ್ ತನಕವೂ ನಾವು ಹೋಗಲಿಲ್ಲ. ಕೌಂಟರಿನ ಹುಡುಗಿ ನಗುತ್ತಲೇ ತಡೆದಳು. ಎದೆಯ ಮೇಲೆ ಅಲಕಾ ಎಂದು ಹೆಸರಿನ ಪಟ್ಟಿ. ಈ ರೂಮು ಒಬ್ಬರ ಹೆಸರಿನಲ್ಲಿದೆ, ನಿಮ್ಮ ಆಧಾರ್ ತೋರಿಸಿ ಎಂದಳು. ಅವಿನಾಶ ತೋರಿಸಿದ.

"ಲೋಕಲ್ ಆಧಾರ್ ಚಾಲತ್ ನಾಹೀ, ಸರ್."

ಇದೇ ಊರಿನವರಿಗೆ ಈ ಹೋಟೆಲಿನಲ್ಲಿ ಕೋಣೆ ಕೊಡುವುದಿಲ್ಲವಂತೆ. ಊರಲ್ಲಿ ಮನೆ ಇದ್ದವರು ಹೋಟೆಲಿಗೆ ಯಾಕೆ ಬರುತ್ತಾರೆ ಎಂಬುದು ಅವರ ಲೆಕ್ಕ. ನಮ್ಮ ಅತ್ತೆಯ ಲೆಕ್ಕವೂ ಅದೇ ಅಲ್ಲವೇ! ನನ್ನ ಆಧಾರ್ ಕೊಟ್ಟೆ. ಅದರಲ್ಲಿ ಅಪ್ಪನ ಹೆಸರು, ಓಝರ್‌ನ ವಿಳಾಸ. ಅಲಕಾ ನನ್ನ ಕಾರ್ಡು ನೋಡಿದಳು, ಅವನ ಕಾರ್ಡು ನೋಡಿದಳು, ನಮ್ಮಿಬ್ಬರ ಮುಖ ನೋಡಿದಳು. ಅವಳ ನಗು ಮಾಯವಾಯಿತು. ನನ್ನ ತಾಳಿ, ಕಾಲುಂಗುರ, ಮೊಬೈಲಿನಲ್ಲಿದ್ದ ಮದುವೆಯ ಫೋಟೊ, ಎಲ್ಲ ತೋರಿಸಿದೆ. ಸೋಫಾದಲ್ಲಿ ಕೂತಿದ್ದವರು ತಿರುಗಿ ನೋಡತೊಡಗಿದರು. ಮದುವೆಯಾದ ಗಂಡನ ಜೊತೆ ನಿಂತು ಕಳ್ಳಿಯ ಹಾಗೆ ಬೆವರುವ ಕಾಲ ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

"ರೂಮು ಯಾರ ಹೆಸರಲ್ಲಿದೆಯೋ ಅವರನ್ನು ಕೇಳುತ್ತೇನೆ" ಎಂದು ಅಲಕಾ ಫೋನ್ ಎತ್ತಿದಳು.

"ಬ್ಯಾಡ!" ಎಂದು ನಾವಿಬ್ಬರೂ ಒಟ್ಟಿಗೆ ಕೂಗಿದೆವು. ಮಾಮಾನ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ. ಎಂಜಿನ್ ಸದ್ದಿನಲ್ಲಿ ಇಡೀ ಆಯುಷ್ಯ ಕಳೆದ ಅವರಿಗೆ ಕಿವಿ ಮಂದ. ಅದು ಊಟದ ಹೊತ್ತು ಬೇರೆ, ಎದುರಿಗೇ ಅತ್ತೆ ರೊಟ್ಟಿ ಬಡಿಯುತ್ತಾ ಬಡಿಸುತ್ತಾ ಕೂತಿರುತ್ತಾರೆ. ಆದರೆ ಅಷ್ಟರಲ್ಲಿ ಅಲಕಾ ಹಿಂದಿಯಲ್ಲಿ ಸ್ಪಷ್ಟವಾಗಿ ಹೇಳಿಯಾಗಿತ್ತು: ಸಾರ್, ನೀವು ನಮ್ಮ ಹೋಟೆಲಿನಲ್ಲಿ ಹಿಡಿದ ರೂಮಿಗೆ ಅವಿನಾಶ್ ಮತ್ತು ಹಂಸಾ ಎಂಬ ಜೋಡಿ ಬಂದಿದೆ, ಒಳಗೆ ಬಿಡಬೇಕೆ?

ಆ ಕಡೆ ಏನೋ ಪಾತ್ರೆ ಬಿದ್ದ ಸದ್ದು. ಆಮೇಲೆ ಅತ್ತೆಯ ದನಿ ಕೌಂಟರಿನ ಈ ಬದಿ ನಿಂತ ನನಗೂ ಕೇಳುವಷ್ಟು ಜೋರಾಗಿ ಬಂತು. "ಅಣ್ಣಾ, ಯಾವ ಹೋಟೆಲ್ಲು? ಯಾರ ರೂಮು?"

ಫೋನ್ ಕಟ್ ಆಯಿತು.

ಅವಿನಾಶ ಸೋಫಾದ ಮೇಲೆ ಕುಸಿದ. ಓಡಿಹೋಗೋಣ ಎಂದರೆ ಎಲ್ಲಿಗೆ? ಮನೆಗೇ ಹೋಗಬೇಕು. ನಾನು ಎದುರಿನ ಗಾಜಿನ ಬಾಗಿಲು ನೋಡುತ್ತಾ ನಿಂತೆ. ಇನ್ನು ಆಷಾಢಕ್ಕೆ ಹೋದವಳು ವಾಪಸ್ ಬರುವ ಮಾತೇ ಇಲ್ಲ, ಅವರೇ ಬಾ ಎನ್ನುವುದಿಲ್ಲ ಎಂದುಕೊಂಡೆ. ಆಶ್ಚರ್ಯವೆಂದರೆ ಹಾಗೆ ಅಂದುಕೊಂಡಾಗಲೇ ನನಗೆ ಗೊತ್ತಾಯಿತು: ಪಕ್ಕದಲ್ಲಿ ತಲೆ ತಗ್ಗಿಸಿ ಕೂತ ಆ ಮನುಷ್ಯ ನನಗೆ ಬೇಕಾಗಿದ್ದ.

ಆಟೋ ಬಂದು ನಿಂತಿತು. ಅತ್ತೆ ಇಳಿದರು. ಕೈಗೆ ಅಂಟಿದ ಹಿಟ್ಟು ಹಾಗೇ ಇತ್ತು. ಹಿಂದೆ ಮಾಮಾ, ಒಂದು ಕಾಲಿಗೆ ಅವರ ಚಪ್ಪಲಿ, ಇನ್ನೊಂದಕ್ಕೆ ಅವಿನಾಶನದು. ಕಾವಲಿನವನು ಬಾಗಿಲು ತೆಗೆದ. ತಣ್ಣಗಿನ ಆ ಹಜಾರದ ನಡುವೆ ನಿಂತು ಅತ್ತೆ ಸುತ್ತ ಕಣ್ಣಾಡಿಸಿದರು. ನಮ್ಮನ್ನು ನೋಡಲಿಲ್ಲ, ಅಣ್ಣನ ಕಡೆ ತಿರುಗಿದರು.

"ಎಷ್ಟ ದಿನದಿಂದ?"

"ಈರೂ, ಅದು ಹಂಗಲ್ಲ, ಪಾಯಿಂಟಿನ ಸಲುವಾಗಿ..."

"ನಾ ಬದುಕೇನಿಲ್ಲೋ ಈ ಊರಾಗ?"

"ನಾ ಇಲ್ಲಿ ಒಂದಿನಾನೂ ಮಲಗಿಲ್ಲವಾ! ನಿನ್ನ ಮನ್ಯಾಗೇ ಮಲಗೇನಿ, ನಿನ್ನಾಣಿ! ಚೆಕ್-ಇನ್ ಮಾಡಿ ಓಡಿ ಬಂದೇನಿ." ಮಾಮಾ ನಮ್ಮ ಕಡೆ ಕೈ ತೋರಿಸಿದರು. "ಮತ್ತ ನನ್ನ ಸಲುವಾಗಿ ಮಾಡೇನೇನು? ಇವ್ರ ಮದಿವಿಗೆ ನಾ ಏನೂ ಕೊಟ್ಟಿಲ್ಲ. ಉದಯಪುರದಾಗ ಕೆರಿ ದಂಡಿ ಮ್ಯಾಲೆ ಅರಮನಿಯಂಥ ಹೋಟೆಲ್ ಅದ. ಅಲ್ಲಿಗೆ ಇಬ್ರನ್ನೂ ಹನಿಮೂನಿಗೆ ಕಳಸಬೇಕಂತ ಪಾಯಿಂಟ್ ಕೂಡಿಸ್ಲಿಕತ್ತೀನಿ. ಇವತ್ತಿಂದು ಜಮಾ ಆದ್ರ ಮುಗೀತು."

ನಮ್ಮ ಹನಿಮೂನು! ನಮ್ಮನ್ನು ಉದಯಪುರಕ್ಕೆ ಕಳಿಸಲು ಈ ಮನುಷ್ಯ ತಿಂಗಳುಗಟ್ಟಲೆ ನಮ್ಮ ಮಂಚದ ಮೇಲೆ ಮಲಗಿದ್ದರು. ಅವಿನಾಶ ಬಾಯಿ ತೆರೆದವನು ಮುಚ್ಚಲಿಲ್ಲ. ನಗಬೇಕೋ, ಹೋಗಿ ಮಾಮಾನ ಕೊರಳಪಟ್ಟಿ ಹಿಡಿಯಬೇಕೋ ನನಗೂ ತಿಳಿಯಲಿಲ್ಲ.

ಅತ್ತೆ ಆಗ ಮೊದಲ ಸಲ ನನ್ನ ಮುಖ ನೋಡಿದರು. ಆಮೇಲೆ ಮಗನ ಮುಖ. ಆಮೇಲೆ ನನ್ನ ಕೈಯಲ್ಲಿದ್ದ ಚಾವಿ. ಅವರ ಕಣ್ಣಲ್ಲಿ ಏನೋ ಒಂದೊಂದಾಗಿ ಕೂಡಿಕೊಳ್ಳುತ್ತಿರುವುದು ನನಗೆ ಕಾಣಿಸಿತು. ಹಗಲು ಪಾಳಿಯ ವಾರಗಳು, ಮಾಳಿಗೆ, ತಮ್ಮ ಪಕ್ಕ ನಿದ್ದೆಯಿಲ್ಲದೆ ಹೊರಳುತ್ತಿದ್ದ ಸೊಸೆ. ನಾಚಿಕೆಯಿಂದ ನಾನು ತಲೆ ತಗ್ಗಿಸಿದೆ. ಅವರೂ ತಗ್ಗಿಸಿದರು.

ಅವರು ನನ್ನ ಕೈಯಿಂದ ಚಾವಿ ತೆಗೆದುಕೊಂಡು ಅಣ್ಣನ ಜೇಬಿಗೆ ಹಾಕಿದರು. "ಉದಯಪುರ ಆಮ್ಯಾಲೆ ನೋಡೋಣು. ಮೊದಲ ಇವ್ರಿಬ್ರೂ ತಮ್ಮ ಮನ್ಯಾಗ ಮಲಗ್ಲಿ. ಅಣ್ಣಾ, ಇವತ್ತ ನೀ ಇಲ್ಲೇ ಮಲಕೋ."

"ಈರೂ!" ಮಾಮಾ ಕಪಾಳಕ್ಕೆ ಹೊಡೆಸಿಕೊಂಡವರ ಹಾಗೆ ಹಿಂದೆ ಸರಿದರು. "ನನ್ನನ್ನ ಲಾಡ್ಜಿನ್ಯಾಗ ಬಿಟ್ಟು ಹೋಗ್ತಿ?"

"ಹೋಗ್ತೀನಿ" ಎಂದರು ಅತ್ತೆ. ಕೌಂಟರಿನ ಹತ್ತಿರ ಹೋಗಿ ಅಲಕಾಳಿಗೆ ತಮ್ಮ ಒರಟು ಮರಾಠಿಯಲ್ಲಿ, ಇವರಿಬ್ಬರೂ ನನ್ನ ಮಗ-ಸೊಸೆ, ನೀನು ತಪ್ಪು ತಿಳಿಯಬೇಡ ಎಂದು ಹೇಳಿದರು. ಆಮೇಲೆ ನಮ್ಮನ್ನು ಮುಂದೆ ಬಿಟ್ಟುಕೊಂಡು ಹೊರಗೆ ಬಂದರು.

ಆಟೋದಲ್ಲಿ ನಮ್ಮಿಬ್ಬರ ನಡುವೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ತವರಿನ ಒಬ್ಬನೇ ಅಣ್ಣನನ್ನು ಬಾಡಿಗೆ ಕೋಣೆಯಲ್ಲಿ ಬಿಟ್ಟು ಬಂದ ಸಂಕಟ ಅದು, ನನಗೆ ಅರ್ಥವಾಯಿತು. ನಾನು ಅವರ ಬೆನ್ನು ಸವರಿದೆ. ಅಳುವಿನ ನಡುವೆಯೇ ಅವರು ಹೇಳಿದರು, "ನನಗೂ ಯಾರೂ ಕೇಳ್ಲಿಲ್ಲವಾ. ಮನಿ ತುಂಬ ಮಂದಿ. ನಿಮ್ಮ ಮಾವಾರ ಜೋಡಿ ಬಾಗಲಾ ಹಾಕ್ಕೊಂಡು ಮಾತಾಡಿದ್ದು ನನಗ ನೆನಪ ಇಲ್ಲ."

ಮನೆಗೆ ಬಂದವರೇ ಅಣ್ಣನಿಗೆಂದು ಹಾಸಿದ್ದ ಚಾದರ ತೆಗೆದು ಬೇರೆ ಹಾಸಿದರು. ಆಮೇಲೆ ತಮ್ಮ ಚಾಪೆ ಸುತ್ತಿಕೊಂಡು, "ಮಾಳಿಗಿ ಮ್ಯಾಲೆ ಗಾಳಿ ಛಲೋ ಬರ್ತದಂತಲ್ಲ" ಎಂದು ಯಾರ ಮುಖವನ್ನೂ ನೋಡದೆ ಮೆಟ್ಟಿಲು ಹತ್ತಿದರು. ಅವಿನಾಶ "ಅವ್ವಾ" ಎಂದು ಹಿಂದೆ ಹೋದವನು ತಕ್ಷಣ ವಾಪಸ್ ಬಂದ. ಅವ್ವ ಮೇಲಿನ ಬಾಗಿಲನ್ನು ಆ ಕಡೆಯಿಂದ ಹಾಕಿಕೊಂಡಿದ್ದರು.

ಮರುದಿನ ಬಸ್‌ಸ್ಟ್ಯಾಂಡಿಗೆ ಮಾಮಾ ಹೋಟೆಲಿನಿಂದಲೇ ಬಂದರು. ಅತ್ತೆ ನನಗೆ ಉಡಿ ತುಂಬಿಸಿದ್ದರು, ಅಣ್ಣನಿಗೆ ರೊಟ್ಟಿ ಕಟ್ಟಿ ತಂದಿದ್ದರು. ಇಬ್ಬರೂ ಸ್ವಲ್ಪ ದೂರ ಹೋಗಿ ನಿಂತು ಏನೋ ಮಾತಾಡಿದರು. ಜಗಳವೇ ಇರಬೇಕೆಂದು ನಾನು ಆ ಕಡೆ ನೋಡಲಿಲ್ಲ. ಅವಿನಾಶ ಕಿಟಕಿಯ ಹತ್ತಿರ ನಿಂತಿದ್ದ. ಅವನಿಗೆ ಕತ್ತಲೆಂದರೆ ಚಿಕ್ಕಂದಿನಿಂದ ಹೆದರಿಕೆ, ಮಾಳಿಗೆಯ ಮೇಲೆ ಒಂದು ದಿನವೂ ಸರಿಯಾಗಿ ನಿದ್ದೆ ಮಾಡಿರಲಿಲ್ಲ ಎಂಬುದು ನನಗೆ ಈಗ ಗೊತ್ತಿತ್ತು. ಬಸ್ಸು ಹೊರಟಾಗ ನನ್ನ ಕಣ್ಣು ತುಂಬಿ ಬಂತು. ಒಂದು ತಿಂಗಳು ಇಷ್ಟು ಉದ್ದ ಇರುತ್ತದೆಂದು ಮೊದಲು ಅನ್ನಿಸಿರಲಿಲ್ಲ.

ದಾರಿಯುದ್ದಕ್ಕೂ ಮಾಮಾ ಮೊಬೈಲಿನಲ್ಲಿ ಮುಳುಗಿದ್ದರು. ನಿಫಾಡ್ ಊರು ದಾಟುವಾಗ ಅದನ್ನು ನನ್ನ ಕಡೆ ಚಾಚಿದರು. "ಶನಿವಾರ. ನಾಶಿಕದಾಗ. ಇದು ಬರೋಬ್ಬರಿ ಬುಕ್ ಆಗೇದೇನು ನೋಡು."

ನೋಡಿದೆ. ಹೋಟೆಲು, ಎರಡು ರಾತ್ರಿ, ಪೂರ್ತಿ ಪಾಯಿಂಟಿನಲ್ಲಿ. ಹೆಸರಿದ್ದ ಕಡೆ ಅವಿನಾಶ, ಅದರ ಕೆಳಗೆ ನಾನು.

"ಮಾಮಾ, ಏನ್ ಮಾಡೀರಿ ಇದು? ಆಷಾಢದಾಗ ಅಳಿಯ ಅತ್ತಿ ಮನಿ ಹೊಸ್ತಿಲ ದಾಟಬಾರದಲ್ರಿ!"

"ಇದು ನಿಮ್ಮವ್ವನ ಮನಿ ಅಲ್ಲಲ್ಲ" ಎಂದರು ಮಾಮಾ ಕಿಟಕಿಯ ಹೊರಗೆ ನೋಡುತ್ತಾ. "ಉದಯಪುರಕ್ಕ ಪಾಯಿಂಟ್ ಸಾಲಂಗಿಲ್ಲ ಇನ್ನ. ಹೋಗ್ಲಿ ಬಿಡು."

"ಮಂದಿಗೆ ಗೊತ್ತಾದ್ರ? ನಮ್ಮತ್ತಿಗೆ ಗೊತ್ತಾದ್ರ?"

"ಆಕೀನ ಹೇಳಿದ್ದು."

ನಾನು ಅವರ ಮುಖವನ್ನೇ ನೋಡಿದೆ. ಸುಳ್ಳು ಹೇಳುತ್ತಿಲ್ಲ.

"ಬಸ್‌ಸ್ಟ್ಯಾಂಡಿನ್ಯಾಗ ಕಿವ್ಯಾಗ ಹೇಳಿದ್ಳು. ಇಬ್ಬರ ಹೆಸರೂ ಮೊದಲ ಬರಸು ಅಂದ್ಳು, ಮತ್ತ ಯಾವಾಕಿನಾರ ಫೋನ್ ಮಾಡಿ ಕೇಳಬಾರದಂತ. ನಿನ್ನ ಚೀಲದಾಗೂ ಏನೋ ಇಟ್ಟಾಳಂತ, ನೋಡ್ಕೋ. ಆಕಿ ಮುಂದ ಮಾತ್ರ ಬಾಯಿ ಬಿಡಬ್ಯಾಡ, ನಾಚಿ ಸಾಯ್ತಾಳ."

ಚೀಲ ತೆರೆದು ಕೈ ಹಾಕಿದೆ. ಉಡಿಯ ಅಕ್ಕಿ, ಕೊಬ್ಬರಿ ಬಟ್ಟಲು, ಅದರ ಕೆಳಗೆ ಹೊಸ ಕುಪ್ಪಸದ ಬಟ್ಟೆಯಲ್ಲಿ ಜೋಪಾನವಾಗಿ ಸುತ್ತಿದ ನಮ್ಮ ಲಗ್ನಪತ್ರಿಕೆ. ಹೋಟೆಲಿನವರು ಕೇಳಿದರೆ ತೋರಿಸಲಿ ಎಂದು ಅತ್ತೆ ಇಟ್ಟಿದ್ದರು.